ಟ್ಯಾಂಕ್ ಖಾಲಿಯಾದರೂ ವಾಸನೆ ಏಕೆ ಉಳಿಯುತ್ತದೆ? ದೋಣಿಯ ಶೌಚಾಲಯದ ಆರೈಕೆ ಮತ್ತು ವಿಲೇವಾರಿ

ಪ್ರಶ್ನೆ: ನಾವು ಈಚೆಗೆ ಒಂದು ಹಳೆಯ ಹಾಯಿದೋಣಿಯನ್ನು ಕೊಂಡಿದ್ದೇವೆ. ಅದರಲ್ಲಿ ಸಮುದ್ರದ ನೀರನ್ನೇ ಎಳೆದುಕೊಂಡು ತೊಳೆಯುವ ಕೈಪಂಪಿನ ಶೌಚಾಲಯವೂ ಸುಮಾರು 60 ಲೀಟರಿನ ಸಂಗ್ರಹ ಟ್ಯಾಂಕೂ ಇವೆ. ಟ್ಯಾಂಕನ್ನು ಖಾಲಿ ಮಾಡಿಸಿದ ಮರುದಿನವೇ ಕ್ಯಾಬಿನ್ನಿನೊಳಗೆ ದುರ್ವಾಸನೆ ತುಂಬಿಕೊಳ್ಳುತ್ತದೆ. ಪಂಪಿನ ಹಿಡಿ ಬಹಳ ಬಿಗಿಯಾಗಿದೆ. ರಾತ್ರಿ ಸ್ವಚ್ಛವಾಗಿ ಬಿಟ್ಟ ಬಟ್ಟಲಿನಲ್ಲಿ ಬೆಳಗಾಗುವಷ್ಟರಲ್ಲಿ ಕಂದು ನೀರು ನಿಂತಿರುತ್ತದೆ. ನೀಲಿ ಬಣ್ಣದ ರಾಸಾಯನಿಕವನ್ನು ಎಷ್ಟು ಸುರಿದರೂ ಪ್ರಯೋಜನವಾಗಿಲ್ಲ. ಈ ವ್ಯವಸ್ಥೆಯನ್ನು ನೋಡಿಕೊಳ್ಳುವ ಮತ್ತು ಖಾಲಿ ಮಾಡುವ ಸರಿಯಾದ ಕ್ರಮ ಯಾವುದು?

ಉತ್ತರ: ನೀವು ಹೇಳಿರುವ ಮೂರು ದೂರುಗಳೂ ಬೇರೆ ಬೇರೆಯಾಗಿ ಕಂಡರೂ, ಬಹುಮಟ್ಟಿಗೆ ಅವುಗಳ ಮೂಲ ಒಂದೇ ಕಡೆ ಇದೆ, ಮತ್ತು ಅದು ಟ್ಯಾಂಕ್ ಅಲ್ಲ. ದೋಣಿಯ ಶೌಚಾಲಯದಲ್ಲಿ ತೊಂದರೆ ಕೊಡುವುದು ಸಾಮಾನ್ಯವಾಗಿ ಟ್ಯಾಂಕನ್ನು ಸೇರಿದ ಮಲಿನವಲ್ಲ, ಅಲ್ಲಿಗೆ ತಲುಪದೆ ಕೊಳವೆಗಳಲ್ಲೇ ಉಳಿದುಕೊಂಡದ್ದು. ಟ್ಯಾಂಕನ್ನು ಎಷ್ಟು ಬಾರಿ ಖಾಲಿ ಮಾಡಿಸಿದರೂ ಕೊಳವೆಗಳಲ್ಲಿ ನಿಂತದ್ದು ಅಲ್ಲೇ ಇರುತ್ತದೆ. ಆದ್ದರಿಂದ ಮೊದಲು ಕೊಳವೆಗಳ ವಿಚಾರ, ಆಮೇಲೆ ಗಾಳಿಯ ವಿಚಾರ, ಕೊನೆಗೆ ಖಾಲಿ ಮಾಡುವ ವಿಧಾನ.

ಬಟ್ಟಲಿನಲ್ಲಿ ಏರುವ ನೀರಿನ ಬಣ್ಣವನ್ನು ನೀವು ಗಮನಿಸಿರುವುದು ಒಳ್ಳೆಯದಾಯಿತು. ತಿಳಿನೀರು ಏರಿದ್ದರೆ ಅದು ಸಮುದ್ರದ ಕಡೆಯಿಂದ, ಅಂದರೆ ನೀರನ್ನು ಒಳಗೆ ತರುವ ಕೊಳವೆಯಿಂದ ಬರುತ್ತಿದೆ ಎಂದು ಅರ್ಥ, ಮತ್ತು ಅದು ದೋಣಿಯ ಸುರಕ್ಷತೆಗೇ ಸಂಬಂಧಿಸಿದ ಸಂಗತಿ; ಅದನ್ನು ಮುಂದೆ ವಿವರಿಸುತ್ತೇನೆ. ಕಂದು ನೀರು ಏರುತ್ತಿದ್ದರೆ ಅದು ಹೊರಹೋಗುವ ಕೊಳವೆಯಿಂದ ಹಿಂದಕ್ಕೆ ಇಳಿದು ಬಂದದ್ದು. ಪಂಪಿನಿಂದ ಹೊರಹೋಗುವ ಬಾಯಿಯಲ್ಲಿ ಬಾತುಕೋಳಿಯ ಕೊಕ್ಕಿನ ಆಕಾರದ ಒಂದು ರಬ್ಬರ್ ತುಂಡು ಇರುತ್ತದೆ. ಇದನ್ನು ಜೋಕರ್ ವಾಲ್ವ್ ಎನ್ನುತ್ತಾರೆ. ಒಳಗಿನಿಂದ ತಳ್ಳಿದಾಗ ಇದರ ತುಟಿಗಳು ತೆರೆದುಕೊಳ್ಳುತ್ತವೆ, ಹೊರಗಿನಿಂದ ಒತ್ತಡ ಬಂದಾಗ ಮುಚ್ಚಿಕೊಳ್ಳುತ್ತವೆ. ಅವುಗಳ ಮೇಲೆ ಗಟ್ಟಿ ಪದರ ಕಟ್ಟಿದಾಗ ಅಥವಾ ರಬ್ಬರ್ ತನ್ನ ಬಿಗಿ ಕಳೆದುಕೊಂಡಾಗ ಸಣ್ಣ ಸೀಳು ಉಳಿದು, ಕೊಳವೆಯ ಏರಿನಲ್ಲಿ ನಿಂತಿದ್ದ ನೀರು ನಿಧಾನವಾಗಿ ಬಟ್ಟಲಿಗೆ ಇಳಿಯುತ್ತದೆ. ಈ ತುಂಡು ಅಗ್ಗದ್ದು. ಅದನ್ನು ವರ್ಷಕ್ಕೊಮ್ಮೆ ಕೇಳದೆಯೇ ಬದಲಿಸಬೇಕು, ಒಂದು ಹೆಚ್ಚುವರಿ ತುಂಡು ಯಾವಾಗಲೂ ದೋಣಿಯಲ್ಲಿರಬೇಕು. ಜೋಕರ್ ವಾಲ್ವ್ ಎಂದಿಗೂ ಪೂರ್ತಿ ನೀರುಬಿಗಿಯಾದ ಬಾಗಿಲಲ್ಲ ಎಂಬುದೂ ನಿಮಗೆ ತಿಳಿದಿರಲಿ. ಹೊಸದಾದರೂ ಅದು ಕೆಲವು ಗಂಟೆಗಳಲ್ಲಿ ಸ್ವಲ್ಪ ನೀರನ್ನು ಬಿಟ್ಟುಕೊಡುವುದುಂಟು. ಆ ನೀರು ಶುದ್ಧವಾಗಿರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ, ಮತ್ತು ಅದು ಪ್ರತಿ ಬಳಕೆಯ ನಂತರ ಎಷ್ಟು ನೀರು ಹಾಯಿಸುತ್ತೇವೆ ಎಂಬುದನ್ನು ಅವಲಂಬಿಸಿದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಕೊಳವೆಯ ಒಳವ್ಯಾಸ 38 ಮಿಲಿಮೀಟರ್. ಅಂತಹ ಕೊಳವೆಯ ಪ್ರತಿ ಮೀಟರಿನಲ್ಲಿ ಸುಮಾರು 1.1 ಲೀಟರ್ ನೀರು ಹಿಡಿಯುತ್ತದೆ. ಬಟ್ಟಲಿನಿಂದ ಟ್ಯಾಂಕಿಗೆ ಮೂರು ಮೀಟರ್ ದೂರವಿದ್ದರೆ, ಸುಮಾರು ಮೂರೂವರೆ ಲೀಟರ್ ಹಾಯಿಸಿದ ಮೇಲಷ್ಟೇ ಮಲಿನವು ಟ್ಯಾಂಕನ್ನು ತಲುಪುತ್ತದೆ. ಬಟ್ಟಲು ಸ್ವಚ್ಛವಾಗಿ ಕಂಡೊಡನೆ ಪಂಪನ್ನು ನಿಲ್ಲಿಸಿದರೆ ಮಲಿನವು ಕೊಳವೆಯ ನಡುದಾರಿಯಲ್ಲಿ ನಿಲ್ಲುತ್ತದೆ. ನಿಮ್ಮ ಪಂಪು ಪ್ರತಿ ಎಳೆತಕ್ಕೆ ಎಷ್ಟು ನೀರು ತಳ್ಳುತ್ತದೆ ಎಂಬುದನ್ನು ತಿಳಿಯಲು, ಅಳೆದ ಒಂದು ಲೀಟರ್ ನೀರನ್ನು ಬಟ್ಟಲಿಗೆ ಸುರಿದು, ಒಳನೀರು ಬಾರದ ಸ್ಥಿತಿಯಲ್ಲಿ ಪಂಪನ್ನು ಆಡಿಸಿ, ಅದು ಎಷ್ಟು ಎಳೆತಗಳಲ್ಲಿ ಖಾಲಿಯಾಯಿತೆಂದು ಎಣಿಸಿ. ಆ ಸಂಖ್ಯೆಯನ್ನು ಕೊಳವೆಯ ಉದ್ದದೊಂದಿಗೆ ಹೊಂದಿಸಿ, ಬಂದ ಅಂಕಿಯನ್ನು ಶೌಚಾಲಯದ ಬಾಗಿಲ ಒಳಮೈ ಮೇಲೆ ಬರೆದು ಅಂಟಿಸಿ. ಅತಿಥಿಗಳಿಗೆ ಉಪನ್ಯಾಸ ಮಾಡುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಹೀಗೆ ಮಾಡಿದರೆ ಟ್ಯಾಂಕ್ ಬೇಗ ತುಂಬುವುದಿಲ್ಲವೇ ಎಂದು ನೀವು ಕೇಳಬಹುದು. ತುಂಬುತ್ತದೆ. ಒಂದು ಬಳಕೆಗೆ ಮೂರು ಲೀಟರ್ ಎಂದು ಹಿಡಿದರೆ, ನಾಲ್ವರು ದಿನಕ್ಕೆ ಐದು ಬಾರಿ ಬಳಸಿದಾಗ ನಿಮ್ಮ 60 ಲೀಟರ್ ಒಂದೇ ದಿನಕ್ಕೆ ಮುಗಿಯುತ್ತದೆ. ಆದರೂ ನೀರು ಉಳಿಸಿ ಕೊಳವೆಯನ್ನು ಹಾಳುಮಾಡುವುದಕ್ಕಿಂತ, ಹೆಚ್ಚು ನೀರು ಬಳಸಿ ಟ್ಯಾಂಕನ್ನು ಹೆಚ್ಚು ಬಾರಿ ಖಾಲಿ ಮಾಡುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಳವೆಯನ್ನು ಗಿಡ್ಡ ಮಾಡಲು ಸಾಧ್ಯವಿದ್ದರೆ ಮಾಡಿ; ಅರ್ಧ ಮೀಟರ್ ಕಡಿಮೆಯಾದರೂ ಪ್ರತಿ ಬಳಕೆಯಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ಉಳಿತಾಯವಾಗುತ್ತದೆ.

ಈಗ ಬಿಗಿಯಾದ ಹಿಡಿಯ ವಿಚಾರ. ಇದಕ್ಕೆ ಮೂರು ಕಾರಣಗಳಿರಬಹುದು: ಪಂಪಿನ ಒಳಗಿನ ಸೀಲುಗಳು ಒಣಗಿರುವುದು, ಹೊರಹೋಗುವ ಕೊಳವೆ ಕಿರಿದಾಗಿರುವುದು, ಇಲ್ಲವೇ ಟ್ಯಾಂಕಿನ ಗಾಳಿಕೊಳವೆ ಕಟ್ಟಿಕೊಂಡಿರುವುದು. ಗಾಳಿಕೊಳವೆ ಕಟ್ಟಿದ್ದರೆ ಪ್ರತಿ ಎಳೆತವೂ ಮುಚ್ಚಿದ ಟ್ಯಾಂಕಿನೊಳಗೆ ಒತ್ತಡವನ್ನು ಏರಿಸುತ್ತದೆ, ಹಿಡಿ ಹಿಂದಕ್ಕೆ ತಳ್ಳಿದಂತೆ ಭಾಸವಾಗುತ್ತದೆ. ಅಂತಹ ಅನುಮಾನವಿದ್ದಾಗ ಡೆಕ್ಕಿನ ಮೇಲಿರುವ ಖಾಲಿ ಮಾಡುವ ಬಾಯಿಯ ಮುಚ್ಚಳವನ್ನು, ಮುಖವನ್ನು ದೂರವಿಟ್ಟುಕೊಂಡು, ಮೇಲೊಂದು ಹಳೆಯ ಬಟ್ಟೆ ಹಾಕಿ, ಕಾಲು ಸುತ್ತು ಕಾಲು ಸುತ್ತಾಗಿ ಸಡಿಲಿಸಿ. ಒಮ್ಮೆಗೇ ತೆರೆದರೆ ಒಳಗಿರುವುದೆಲ್ಲ ಕಾರಂಜಿಯಾಗಿ ಮೇಲೇಳುತ್ತದೆ. ಮುಚ್ಚಳ ಸಡಿಲವಾದ ಮೇಲೆ ಹಿಡಿ ಹಗುರವಾದರೆ ದೋಷ ಗಾಳಿಕೊಳವೆಯದು. ಹಗುರವಾಗದಿದ್ದರೆ, ಪಂಪಿನಿಂದ ಹೊರಹೋಗುವ ಕೊಳವೆಯನ್ನು ಕಳಚಿ ಹಿಡಿಯನ್ನು ಆಡಿಸಿ ನೋಡಿ. ಆಗಲೂ ಬಿಗಿಯಾಗಿದ್ದರೆ ದೋಷ ಪಂಪಿನೊಳಗಿದೆ, ಸಲೀಸಾಗಿ ಆಡಿದರೆ ಕೊಳವೆಯೊಳಗಿದೆ. ಪಂಪಿನ ಸೀಲುಗಳಿಗೆ ಸಿಲಿಕೋನ್ ಗ್ರೀಸನ್ನೇ ಬಳಸಿ. ಪೆಟ್ರೋಲಿಯಂ ಮೂಲದ ಗ್ರೀಸು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ.

ಹಳೆಯ ದೋಣಿಯಾದ್ದರಿಂದ ಕೊಳವೆಯೇ ಕಿರಿದಾಗಿರುವ ಸಂಭವ ಹೆಚ್ಚು. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಉಂಟಾಗಿ ದ್ರವವು ಕ್ಷಾರೀಯವಾಗುತ್ತದೆ. ಆ ಸ್ಥಿತಿಯಲ್ಲಿ ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕಾರ್ಬೊನೇಟ್ ಹಾಗೂ ಫಾಸ್ಫೇಟ್ ರೂಪದಲ್ಲಿ ಬೇರ್ಪಟ್ಟು, ನೀರು ಕಾಯಿಸುವ ಪಾತ್ರೆಯ ಒಳಮೈಗೆ ಬಿಳಿ ಹಕ್ಕಳೆ ಕಟ್ಟುವಂತೆ ಕೊಳವೆಯ ಗೋಡೆಗೆ ಕಟ್ಟಿಕೊಳ್ಳುತ್ತವೆ. ವರ್ಷಗಳು ಕಳೆದಂತೆ 38 ಮಿಲಿಮೀಟರಿನ ದಾರಿ ಬೆರಳು ತೂರುವಷ್ಟಕ್ಕೆ ಇಳಿದುಬಿಡಬಹುದು. ಇದನ್ನು ತಡೆಯಲು ವಾರಕ್ಕೊಮ್ಮೆ ಎರಡು ಲೋಟ ಬಿಳಿ ವಿನೆಗರನ್ನು ಬಟ್ಟಲಿಗೆ ಸುರಿದು, ಅದು ಕೊಳವೆಯೊಳಗೆ ಸರಿಯುವಷ್ಟು ಕೆಲವೇ ಎಳೆತ ಎಳೆದು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಚೆನ್ನಾಗಿ ತೊಳೆದರೆ ಸಾಕು. ಆದರೆ ವಿನೆಗರು ತಡೆಯಬಲ್ಲುದೇ ಹೊರತು, ಈಗಾಗಲೇ ಕಲ್ಲಾಗಿರುವುದನ್ನು ಕರಗಿಸುವಷ್ಟು ಪ್ರಬಲವಲ್ಲ. ದಪ್ಪ ಪದರವಿದ್ದರೆ ಕೊಳವೆಯನ್ನು ಪೂರ್ತಿ ಕಳಚಿ, ದಡಕ್ಕೆ ಒಯ್ದು, ಗಟ್ಟಿ ನೆಲಕ್ಕೆ ಬಡಿದರೆ ಅದು ಚೂರುಚೂರಾಗಿ ಉದುರುತ್ತದೆ. ಕೊಳವೆಯನ್ನು ಕಳಚುವ ಶ್ರಮ ಹೇಗೂ ಆದ ಮೇಲೆ ಹೊಸದನ್ನೇ ಹಾಕುವುದು ಜಾಣತನ.

ಈ ಸಂದರ್ಭದಲ್ಲಿ ಒಂದು ಎಚ್ಚರಿಕೆಯನ್ನು ತಪ್ಪದೆ ಹೇಳಬೇಕು. ಕ್ಲೋರಿನ್ ಬ್ಲೀಚನ್ನು ಈ ವ್ಯವಸ್ಥೆಯಲ್ಲಿ ಬಳಸಬೇಡಿ. ಅದು ರಬ್ಬರ್ ಭಾಗಗಳನ್ನು ಕೆಡಿಸುತ್ತದೆ ಎಂಬುದು ಸಣ್ಣ ಕಾರಣ. ವಿನೆಗರಿನಂತಹ ಆಮ್ಲದೊಂದಿಗೆ ಸೇರಿದರೆ ಅದರಿಂದ ಕ್ಲೋರಿನ್ ಅನಿಲವೂ, ಮೂತ್ರದ ಅಮೋನಿಯಾದೊಂದಿಗೆ ಸೇರಿದರೆ ಕ್ಲೋರಮೀನ್ ಅನಿಲಗಳೂ ಹೊರಡುತ್ತವೆ ಎಂಬುದು ದೊಡ್ಡ ಕಾರಣ. ಕಿಟಕಿಯೂ ಸರಿಯಾಗಿ ಇಲ್ಲದ ಆ ಪುಟ್ಟ ಕೋಣೆಯಲ್ಲಿ ಅವೆರಡೂ ಅಪಾಯಕಾರಿ.

ಕೊಳವೆಯೇ ವಾಸನೆಯ ಮೂಲವೋ ಅಲ್ಲವೋ ಎಂದು ತಿಳಿಯಲು ಸರಳವಾದ ಪರೀಕ್ಷೆಯೊಂದಿದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಕೊಳವೆಯ ಒಂದು ಭಾಗಕ್ಕೆ ಸುತ್ತಿ, ಅದು ತಣ್ಣಗಾದ ಮೇಲೆ ಬಿಚ್ಚಿ ಮೂಸಿ ನೋಡಿ. ಬಟ್ಟೆಗೆ ದುರ್ವಾಸನೆ ಹತ್ತಿದ್ದರೆ ಕೊಳವೆಯ ಗೋಡೆಯೇ ಅನಿಲವನ್ನು ಹೀರಿಕೊಂಡು ಹೊರಬಿಡುತ್ತಿದೆ ಎಂದರ್ಥ, ಮತ್ತು ಅದನ್ನು ಬದಲಿಸದೆ ಬೇರೆ ದಾರಿಯಿಲ್ಲ. ಬದಲಿಸುವಾಗ ಮಲಿನ ನೀರಿಗೆಂದೇ ತಯಾರಿಸಿದ, ವಾಸನೆ ತೂರದ ಕೊಳವೆಯನ್ನೇ ಕೊಳ್ಳಿ. ಸ್ನಾನದ ನೀರು ಹರಿಸುವ ಸುರುಳಿಯಾಕಾರದ ತೆಳು ಕೊಳವೆ ಒಂದೆರಡು ಋತುಗಳಲ್ಲೇ ನಾರತೊಡಗುತ್ತದೆ. ಹಾಕುವಾಗ ಎಲ್ಲಿಯೂ ಜೋತುಬಿದ್ದ ತಗ್ಗು ಉಳಿಯಬಾರದು. ತಗ್ಗಿನಲ್ಲಿ ನಿಂತ ದ್ರವವೇ ಕೊಳವೆಯನ್ನು ಒಳಗಿನಿಂದ ನೆನೆಸುವುದು. ನೇರವಾದ ಉದ್ದ ಭಾಗಗಳಿದ್ದಲ್ಲಿ ಗಟ್ಟಿ ಪಿವಿಸಿ ಪೈಪು ಇನ್ನೂ ಉತ್ತಮ, ಏಕೆಂದರೆ ಅದರ ಗೋಡೆಯ ಮೂಲಕ ವಾಸನೆ ಹೊರಬರುವುದಿಲ್ಲ.

ಇನ್ನೊಂದು ವಾಸನೆಯನ್ನು ಬಹಳ ಮಂದಿ ಟ್ಯಾಂಕಿನದೆಂದು ತಪ್ಪು ತಿಳಿಯುತ್ತಾರೆ. ಕೆಲವು ದಿನ ಬಳಸದೆ ಬಿಟ್ಟ ಮೇಲೆ ಮೊದಲ ಎಳೆತಕ್ಕೇ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಅದಕ್ಕೂ ಮಲಕ್ಕೂ ಸಂಬಂಧವೇ ಇಲ್ಲ. ಒಳಬರುವ ಕೊಳವೆಯಲ್ಲಿ ನಿಂತ ಸಮುದ್ರದ ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಸತ್ತು ಕೊಳೆಯುತ್ತವೆ. ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ಆ ನೀರಿನಲ್ಲಿ ಧಾರಾಳವಾಗಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡಾಗಿ ಬದಲಿಸುತ್ತವೆ. ದೋಣಿಯನ್ನು ಬಿಟ್ಟುಹೋಗುವಾಗ ಈ ಕೊಳವೆಯಲ್ಲಿ ಸಿಹಿನೀರು ತುಂಬಿಟ್ಟರೆ ತೊಂದರೆ ಬಹುಪಾಲು ನಿಲ್ಲುತ್ತದೆ. ಕೈತೊಳೆಯುವ ಬೇಸಿನ್ನಿನ ನೀರು ಹೋಗುವ ಕೊಳವೆಯನ್ನು ಶೌಚಾಲಯದ ಒಳಬರುವ ಕೊಳವೆಗೆ ಟಿ ಆಕಾರದ ಜೋಡಣೆಯಿಂದ ಸೇರಿಸಿಕೊಂಡರೆ ಇದು ಬಹಳ ಸುಲಭ: ಸಮುದ್ರದ ಕಡೆಯ ಸೀಕಾಕನ್ನು (ದೋಣಿಯ ಮೈಯಲ್ಲಿರುವ ತೂತನ್ನು ತೆರೆದು ಮುಚ್ಚುವ ವಾಲ್ವನ್ನು) ಮುಚ್ಚಿ, ಬೇಸಿನ್ನಿಗೆ ಸಿಹಿನೀರು ತುಂಬಿ, ಪಂಪು ಎಳೆದರೆ ಆ ನೀರೇ ಇಡೀ ವ್ಯವಸ್ಥೆಯನ್ನು ತೊಳೆಯುತ್ತದೆ. ಆದರೆ ಕುಡಿಯುವ ನೀರಿನ ಒತ್ತಡದ ಪೈಪನ್ನು ನೇರವಾಗಿ ಶೌಚಾಲಯಕ್ಕೆ ಜೋಡಿಸುವ ಯೋಚನೆಯನ್ನು ಬಿಟ್ಟುಬಿಡಿ. ಒತ್ತಡ ಇಳಿದ ಒಂದು ಗಳಿಗೆಯಲ್ಲಿ ಬಟ್ಟಲಿನ ಕಡೆಯ ನೀರು ಕುಡಿಯುವ ನೀರಿಗೆ ಹಿಮ್ಮುಖವಾಗಿ ಹೋಗಬಹುದು.

ಟ್ಯಾಂಕಿನ ವಿಷಯಕ್ಕೆ ಬಂದರೆ, ಅಲ್ಲಿನ ವಾಸನೆಯ ಪ್ರಶ್ನೆ ಬಹುಮಟ್ಟಿಗೆ ಗಾಳಿಯ ಪ್ರಶ್ನೆ. ಆಮ್ಲಜನಕ ಸಿಕ್ಕಾಗ ಮಲಿನವನ್ನು ಒಡೆಯುವ ಬ್ಯಾಕ್ಟೀರಿಯಾಗಳು ಮುಖ್ಯವಾಗಿ ವಾಸನೆಯಿಲ್ಲದ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಆಮ್ಲಜನಕ ಇಲ್ಲದಾಗ ಬೇರೆಯ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು ಹೈಡ್ರೋಜನ್ ಸಲ್ಫೈಡನ್ನೂ ಮೀಥೇನನ್ನೂ ಉಂಟುಮಾಡುತ್ತವೆ. ಹಳೆಯ ದೋಣಿಗಳಲ್ಲಿ ಗಾಳಿಕೊಳವೆ ಬೆರಳಿನಷ್ಟು ತೆಳುವಾಗಿ, ಉದ್ದವಾಗಿ, ಬಾಗುಬಳುಕಾಗಿ ಸಾಗಿರುತ್ತದೆ. ಅದನ್ನು ತೆಗೆದು 25 ಮಿಲಿಮೀಟರಿಗೆ ಕಡಿಮೆಯಿಲ್ಲದ, ಆಗುವುದಾದರೆ 38 ಮಿಲಿಮೀಟರಿನದನ್ನೇ, ಸಾಧ್ಯವಾದಷ್ಟು ಗಿಡ್ಡವಾಗಿ, ಟ್ಯಾಂಕಿನಿಂದ ಏರುತ್ತಲೇ ಹೋಗುವಂತೆ ಹಾಕಿಸಿ. ದೋಣಿಯ ಎರಡು ಬದಿಗಳಿಗೂ ಒಂದೊಂದು ಗಾಳಿಕೊಳವೆ ಇದ್ದರೆ ಗಾಳಿ ಅಡ್ಡಹಾಯುತ್ತದೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಹೂಡಿಕೆ ಈ ವ್ಯವಸ್ಥೆಯಲ್ಲಿ ಇನ್ನೊಂದಿಲ್ಲ. ಗಾಳಿಕೊಳವೆಗೆ ಇದ್ದಿಲಿನ ಶೋಧಕ ಹಾಕುವವರಿದ್ದಾರೆ. ಅದು ಹೊರಹೋಗುವ ವಾಸನೆಯನ್ನು ಕೆಲಕಾಲ ಹಿಡಿಯುವುದು ನಿಜವಾದರೂ ಒಳಬರುವ ಗಾಳಿಗೂ ಅಡ್ಡಿಯಾಗುತ್ತದೆ, ಒದ್ದೆಯಾದರಂತೂ ನಿಷ್ಪ್ರಯೋಜಕ.

ನಿಮ್ಮ ನೀಲಿ ದ್ರವವು ಫಾರ್ಮಾಲ್ಡಿಹೈಡ್‌ನಂತಹ ಜೀವನಾಶಕವನ್ನು ಆಧರಿಸಿದ್ದರೆ, ಅದು ವಾಸನೆ ಮಾಡುವ ಬ್ಯಾಕ್ಟೀರಿಯಾಗಳ ಜೊತೆಗೆ ವಾಸನೆ ಮಾಡದವನ್ನೂ ಕೊಲ್ಲುತ್ತದೆ, ದಡದ ಸಂಸ್ಕರಣ ಘಟಕಕ್ಕೂ ಕಷ್ಟ ಕೊಡುತ್ತದೆ. ಸೇರ್ಪಡೆ ಬೇಕೇ ಬೇಕೆಂದಾದರೆ ನೈಟ್ರೇಟ್ ಆಧಾರಿತವಾದದ್ದನ್ನು ಆರಿಸಿಕೊಳ್ಳಿ. ಆಮ್ಲಜನಕವಿಲ್ಲದಾಗ ಬ್ಯಾಕ್ಟೀರಿಯಾಗಳು ಸಲ್ಫೇಟಿಗಿಂತ ಮೊದಲು ನೈಟ್ರೇಟನ್ನು ಬಳಸಿಕೊಳ್ಳುವುದರಿಂದ ದುರ್ನಾತದ ಅನಿಲ ಹುಟ್ಟುವುದು ತಡವಾಗುತ್ತದೆ.

ಈಗ ಖಾಲಿ ಮಾಡುವ ಕ್ರಮ. ಟ್ಯಾಂಕ್ ಮುಕ್ಕಾಲು ಭಾಗ ತುಂಬಿದಾಗಲೇ ಖಾಲಿ ಮಾಡಿಸಿ. ಅಂಚಿನವರೆಗೆ ತುಂಬಿಸಿದರೆ ದೋಣಿ ವಾಲಿದಾಗ ಮಲಿನವು ಗಾಳಿಕೊಳವೆಯನ್ನು ಹೊಕ್ಕು ಅಲ್ಲಿಯೇ ಒಣಗಿ ಅದನ್ನು ಕಟ್ಟಿಬಿಡುತ್ತದೆ. ದಡದ ಪಂಪ್ ಔಟ್ ಯಂತ್ರದ ಬಳಿ ನಿಂತಾಗ ಮೊದಲು ಮಾಡಬೇಕಾದದ್ದು, ಡೆಕ್ಕಿನ ಮೇಲಿರುವ ಮುಚ್ಚಳಗಳಲ್ಲಿ ಸರಿಯಾದದ್ದು ಯಾವುದೆಂದು ಓದಿ ಖಚಿತಪಡಿಸಿಕೊಳ್ಳುವುದು. ಡೀಸೆಲ್, ಕುಡಿಯುವ ನೀರು, ಮಲಿನ ನೀರು ಇವುಗಳ ಬಾಯಿಗಳು ನೋಡಲು ಒಂದೇ ತೆರನಾಗಿರುತ್ತವೆ, ಮತ್ತು ಇಲ್ಲಿ ತಪ್ಪಿದವರ ಕತೆಗಳು ಪ್ರತಿ ಬಂದರಿನಲ್ಲೂ ಸಿಗುತ್ತವೆ. ಎರಡನೆಯದು, ಗಾಳಿಕೊಳವೆ ತೆರೆದಿದೆಯೇ ಎಂದು ನೋಡುವುದು. ಯಂತ್ರವು ಬಲವಾಗಿ ಹೀರುತ್ತದೆ. ಗಾಳಿ ಒಳಬರುವ ದಾರಿಯಿಲ್ಲದಿದ್ದರೆ ಪ್ಲಾಸ್ಟಿಕ್ ಟ್ಯಾಂಕಿನ ಗೋಡೆಗಳು ಒಳಕ್ಕೆ ಕುಸಿದು ಬಿರುಕು ಬಿಡುತ್ತವೆ. ಹೀರುವಾಗ ಒಬ್ಬರು ಗಾಳಿಕೊಳವೆಯ ಹೊರಬಾಯಿಯ ಬಳಿ ಕೈಯಿಟ್ಟು ಗಾಳಿ ಒಳಹೋಗುವುದನ್ನು ಗಮನಿಸಿದರೆ ಚೆನ್ನು.

ಕೈಗವಸು ತೊಟ್ಟು, ಮುಚ್ಚಳವನ್ನು ನಿಧಾನವಾಗಿ ತೆರೆದು, ಯಂತ್ರದ ಕೊಳವೆಯ ತುದಿಯನ್ನು ಬಿಗಿಯಾಗಿ ಕೂರಿಸಿ, ನಂತರವೇ ಹೀರುವಿಕೆಯನ್ನು ಆರಂಭಿಸಿ. ಕೊಳವೆಯ ಪಾರದರ್ಶಕ ಭಾಗದಲ್ಲಿ ಹರಿವು ನಿಂತಾಗ ಟ್ಯಾಂಕ್ ಖಾಲಿಯಾಗಿದೆ ಎಂದು ತೋರುತ್ತದೆ, ಆದರೆ ತಳದಲ್ಲಿ ಗಸಿ ಉಳಿದಿರುತ್ತದೆ. ಆದ್ದರಿಂದ ಅದೇ ಬಾಯಿಯಿಂದ 15ರಿಂದ 20 ಲೀಟರ್ ಸ್ವಚ್ಛ ನೀರನ್ನು ಸುರಿದು, ಇಬ್ಬರು ದೋಣಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದಾಡಿ ನೀರು ಕಲಕುವಂತೆ ಮಾಡಿ, ಮತ್ತೊಮ್ಮೆ ಹೀರಿಸಿ. ಹೊರಬರುವ ನೀರು ತಿಳಿಯಾಗುವವರೆಗೆ ಇದನ್ನು ಪುನರಾವರ್ತಿಸಿ. ಹಿಂದೆ ಸರತಿಯಲ್ಲಿ ನಿಂತವರು ಗೊಣಗಿದರೂ ಈ ಹಂತವನ್ನು ಬಿಡಬೇಡಿ. ಮುಗಿದಾಗ ಮೊದಲು ಯಂತ್ರದ ವಾಲ್ವನ್ನು ಮುಚ್ಚಿ, ಆಮೇಲೆ ಕೊಳವೆಯನ್ನು ಬಿಡಿಸಿ, ಡೆಕ್ಕನ್ನು ತೊಳೆಯಿರಿ. ಇದಕ್ಕೆ ಬಳಸುವ ನೀರಿನ ಹೋಸು ಬೇರೆಯೇ ಇರಬೇಕು. ಕುಡಿಯುವ ನೀರು ತುಂಬುವ ಹೋಸಿನ ತುದಿ ಈ ಬಾಯಿಯ ಹತ್ತಿರಕ್ಕೂ ಸುಳಿಯಬಾರದು. ಮುಚ್ಚಳದ ರಬ್ಬರ್ ಉಂಗುರವನ್ನು ಒರೆಸಿ, ಬಿರುಕಿದ್ದರೆ ಬದಲಿಸಿ ಮುಚ್ಚಿ.

ಕಡಲಿನಲ್ಲಿ ವಿಸರ್ಜಿಸುವ ಬಗ್ಗೆ: ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ನಾಲ್ಕನೆಯ ಅನುಬಂಧವು ಅಂತರರಾಷ್ಟ್ರೀಯ ಯಾನ ಮಾಡುವ, 400 ಒಟ್ಟು ಟನ್ನೇಜ್ ಅಥವಾ ಅದಕ್ಕಿಂತ ದೊಡ್ಡ ಹಡಗುಗಳಿಗೂ, 15ಕ್ಕಿಂತ ಹೆಚ್ಚು ಜನರನ್ನು ಒಯ್ಯಲು ಪ್ರಮಾಣೀಕೃತವಾದವುಗಳಿಗೂ ಅನ್ವಯಿಸುತ್ತದೆ. ಅದರ ಸಾಮಾನ್ಯ ನಿಯಮದಂತೆ ಪುಡಿಮಾಡಿ ಸೋಂಕು ನಿವಾರಿಸಿದ ಮಲಿನವನ್ನು ಅತಿ ಸಮೀಪದ ನೆಲದಿಂದ 3 ನಾಟಿಕಲ್ ಮೈಲಿಗಿಂತ ಆಚೆಯೂ, ಹಾಗೆ ಮಾಡದ್ದನ್ನು 12 ನಾಟಿಕಲ್ ಮೈಲಿಗಿಂತ ಆಚೆಯೂ, ಹಡಗು ಕನಿಷ್ಠ 4 ನಾಟ್ ವೇಗದಲ್ಲಿ ಸಾಗುತ್ತಿರುವಾಗ, ಟ್ಯಾಂಕಿನಿಂದ ಒಮ್ಮೆಗೇ ಬಿಡದೆ ಮಿತವಾದ ಪ್ರಮಾಣದಲ್ಲಿ ಬಿಡಬಹುದು. ನಿಮ್ಮ ಪುಟ್ಟ ದೋಣಿ ಆ ಅನುಬಂಧದ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಇದರಿಂದ ನಿಮಗೆ ಸ್ವಾತಂತ್ರ್ಯ ಸಿಕ್ಕಿತೆಂದಲ್ಲ. ಆಯಾ ದೇಶದ, ಆಯಾ ಬಂದರಿನ ನಿಯಮಗಳು ಸಣ್ಣ ದೋಣಿಗಳಿಗೂ ಅನ್ವಯಿಸುತ್ತವೆ, ಅನೇಕ ಸರೋವರ ಮತ್ತು ನದಿಗಳಲ್ಲಿ ವಿಸರ್ಜನೆ ಸಂಪೂರ್ಣ ನಿಷಿದ್ಧ. ನಿಯಮ ಸಡಿಲವಿದ್ದಲ್ಲಿಯೂ ಲಂಗರು ಹಾಕುವ ತಾಣ, ಈಜುವ ಸ್ಥಳ, ಚಿಪ್ಪುಜೀವಿಗಳನ್ನು ಬೆಳೆಸುವ ನೀರು ಇವುಗಳ ಹತ್ತಿರ ಬಿಡುವುದನ್ನು ನಾನು ಒಪ್ಪುವುದಿಲ್ಲ. ಬಟ್ಟಲಿನಿಂದ ನೇರವಾಗಿ ಸಮುದ್ರಕ್ಕೋ ಟ್ಯಾಂಕಿಗೋ ತಿರುಗಿಸುವ ವಾಲ್ವಿದ್ದರೆ, ದಡದ ಸಮೀಪ ಅದನ್ನು ಟ್ಯಾಂಕಿನ ಕಡೆಗೆ ತಿರುಗಿಸಿ, ಹಿಡಿಯನ್ನು ಕಳಚಿಡಿ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿಡಿ. ತಪಾಸಣೆಗೆ ಬಂದವರು ಮೊದಲು ನೋಡುವುದು ಇದನ್ನೇ. ಟ್ಯಾಂಕಿನಿಂದ ಹೊರಹಾಕಲು ವಿದ್ಯುತ್ ಮ್ಯಾಸರೇಟರ್ ಪಂಪಿದ್ದರೆ (ಮಲಿನವನ್ನು ಪುಡಿಮಾಡಿ ತಳ್ಳುವ ಪಂಪು), ಶಬ್ದ ಬದಲಾದ ಕ್ಷಣವೇ ನಿಲ್ಲಿಸಿ. ನೀರಿಲ್ಲದೆ ಓಡಿದರೆ ಅದರ ರಬ್ಬರ್ ಚಕ್ರ ಬಹುಬೇಗ ಸುಟ್ಟುಹೋಗುತ್ತದೆ.

ಮೊದಲೇ ಹೇಳಿದ ಸುರಕ್ಷತೆಯ ಮಾತಿಗೆ ಬರುತ್ತೇನೆ. ಬಟ್ಟಲಿನ ಅಂಚು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಅಥವಾ ದೋಣಿ ವಾಲಿದಾಗ ಕೆಳಗಾಗುವುದಿದ್ದರೆ, ಸೈಫನ್ ಕ್ರಿಯೆಯಿಂದ ಸಮುದ್ರವೇ ಒಳಗೆ ಹರಿಯಬಲ್ಲುದು. ದೋಣಿಗಳು ಮುಳುಗಿದ್ದಕ್ಕೆ ಶೌಚಾಲಯ ಕಾರಣವಾದದ್ದುಂಟು. ಇದಕ್ಕೆಂದೇ ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಎತ್ತರದ ಕಮಾನಾಗಿ ಒಯ್ದು, ಅದರ ನೆತ್ತಿಯಲ್ಲಿ ಗಾಳಿಯನ್ನು ಒಳಬಿಡುವ ಸಣ್ಣ ವಾಲ್ವನ್ನು ಇಡುತ್ತಾರೆ. ಒಳಬರುವ ಕೊಳವೆಯ ಕಮಾನು ಪಂಪು ಮತ್ತು ಬಟ್ಟಲಿನ ನಡುವೆ ಇರಬೇಕು. ಸೀಕಾಕ್ ಮತ್ತು ಪಂಪಿನ ನಡುವೆ ಇಟ್ಟರೆ ಪಂಪು ನೀರಿನ ಬದಲು ಗಾಳಿಯನ್ನು ಎಳೆಯುತ್ತದೆ. ಆ ಪುಟ್ಟ ವಾಲ್ವಿನಲ್ಲಿ ಉಪ್ಪು ಕಟ್ಟುವುದರಿಂದ ಆಗಾಗ ಕಳಚಿ ಬಿಸಿನೀರಿನಲ್ಲಿ ತೊಳೆಯಿರಿ. ಎಷ್ಟೇ ಕಮಾನುಗಳಿದ್ದರೂ ದೋಣಿಯನ್ನು ಬಿಟ್ಟು ಹೋಗುವಾಗ ಸೀಕಾಕುಗಳನ್ನು ಮುಚ್ಚಿಯೇ ಹೋಗಿ. ತಿಂಗಳಿಗೊಮ್ಮೆಯಾದರೂ ಅವನ್ನು ತೆರೆದು ಮುಚ್ಚುತ್ತಿದ್ದರೆ ಮಾತ್ರ ಬೇಕಾದಾಗ ಅವು ತಿರುಗುತ್ತವೆ.

ಬಟ್ಟಲಿಗೆ ಏನು ಹಾಕಬಹುದು ಎಂಬುದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ: ಹೊಟ್ಟೆಯ ಮೂಲಕ ಹಾದುಬಂದದ್ದು, ಮತ್ತು ಬೇಗ ಕರಗುವ ಸ್ವಲ್ಪ ಕಾಗದ. ಕಾಗದ ಕರಗುತ್ತದೆಯೇ ಎಂದು ತಿಳಿಯಲು ಒಂದು ಹಾಳೆಯನ್ನು ನೀರಿನ ಬಾಟಲಿಗೆ ಹಾಕಿ ಕುಲುಕಿ ನೋಡಿ. ಒದ್ದೆ ಒರೆಸುವ ಬಟ್ಟೆಗಳು ಪೊಟ್ಟಣದ ಮೇಲೆ ಏನೇ ಬರೆದಿದ್ದರೂ ಕರಗುವುದಿಲ್ಲ, ಕೂದಲು ವಾಲ್ವುಗಳಿಗೆ ಸುತ್ತಿಕೊಳ್ಳುತ್ತದೆ.

ಟ್ಯಾಂಕಿನ ಪರಿಶೀಲನಾ ಮುಚ್ಚಳವನ್ನು ತೆರೆಯಬೇಕಾಗಿ ಬಂದರೆ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಇನ್ನೊಬ್ಬರು ಹತ್ತಿರವಿರುವಾಗಲೇ ತೆರೆಯಿರಿ, ತಲೆಯನ್ನು ಒಳಗೆ ಬಾಗಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳಭಾಗದಲ್ಲಿ ಸಂಗ್ರಹವಾಗುತ್ತದೆ, ಮತ್ತು ಅದರ ಪ್ರಮಾಣ ದಶಲಕ್ಷಕ್ಕೆ ಸುಮಾರು 100 ಭಾಗ ತಲುಪಿದಾಗ ಮೂಗೇ ಮರಗಟ್ಟುತ್ತದೆ. ವಾಸನೆ ಇದ್ದಕ್ಕಿದ್ದಂತೆ ಮಾಯವಾದರೆ ಅದು ಸಮಾಧಾನದ ಸೂಚನೆಯಲ್ಲ, ಕೂಡಲೇ ಹೊರಬರಬೇಕಾದ ಸೂಚನೆ.

ನಿಮ್ಮ ದೋಣಿಯ ಮಟ್ಟಿಗೆ ಕೆಲಸದ ಕ್ರಮ ಹೀಗಿರಲಿ. ಮೊದಲು ಗಾಳಿಕೊಳವೆಯಲ್ಲಿ ನೀರು ಹಾಯಿಸಿ ಅದು ತೆರೆದಿದೆಯೇ ಎಂದು ನೋಡಿ. ನಂತರ ಟ್ಯಾಂಕನ್ನು ಎರಡು ಮೂರು ಬಾರಿ ತೊಳೆದು ಖಾಲಿ ಮಾಡಿಸಿ, ಬಿಸಿಬಟ್ಟೆಯ ಪರೀಕ್ಷೆ ಮಾಡಿ. ಕೊಳವೆಗಳು ನಾರುತ್ತಿದ್ದರೆ ಅವನ್ನೂ ಜೋಕರ್ ವಾಲ್ವನ್ನೂ ಪಂಪಿನ ಸೀಲುಗಳನ್ನೂ ಒಂದೇ ಬಾರಿಗೆ ಬದಲಿಸಿ. ಬಿಡಿಬಿಡಿಯಾಗಿ ಮಾಡಿದರೆ ಅದೇ ಅಹಿತಕರ ಕೆಲಸಕ್ಕೆ ಮೂರು ಬಾರಿ ಕೈಹಾಕಬೇಕಾಗುತ್ತದೆ. ನೀಲಿ ದ್ರವದ ಉಳಿದ ಬಾಟಲಿಯನ್ನು ಅಲ್ಲಿಯವರೆಗೆ ಮುಚ್ಚಿಯೇ ಇಡಿ. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ ದೋಣಿಯನ್ನು ನಿಲ್ಲಿಸುವುದಾದರೆ ಬಟ್ಟಲು, ಪಂಪು, ಕೊಳವೆಗಳಲ್ಲಿ ವಿಷಕಾರಿಯಲ್ಲದ ಪ್ರೊಪಿಲೀನ್ ಗ್ಲೈಕಾಲ್ ದ್ರಾವಣವನ್ನು ಹಾಯಿಸಿ ಬಿಡಿ. ವಾಹನಗಳ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷಕಾರಿಯಾದ್ದರಿಂದ ಇಲ್ಲಿ ಬೇಡ.